ಜಪಾನಿ ವಾಕ್ಯದಲ್ಲಿ ವಿಭಕ್ತಿ ಮತ್ತು ರಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಕಲಿಯುತ್ತಿರುವವರು, ಭಾಷಾವಿಜ್ಞಾನ ಓದುತ್ತಿರುವವರು, ಸುಮ್ನೆ ವ್ಯಾಕರಣದ ಹುಚ್ಚು ಹತ್ತಿಸಿಕೊಂಡವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಜಪಾನಿ ಪದಗಳನ್ನು ಕಿವಿಗೆ ಬಿದ್ದಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಪ್ರತ್ಯಯ ಎದ್ದು ಕಾಣಲಿ ಅಂತ ನಡುವೆ ಅಡ್ಡಗೆರೆ ಹಾಕಿದ್ದೇನೆ. ಮುಂದೆ ನಕ್ಷತ್ರದ ಗುರುತು (*) ಇದ್ದರೆ ಆ ವಾಕ್ಯ ಜಪಾನಿಗರ ಕಿವಿಗೆ ಒಗ್ಗುವುದಿಲ್ಲ ಎಂದರ್ಥ.

ಜಪಾನಿಯಲ್ಲೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯ ಇದೆಯಾ?

ಇದೆ. ನಮ್ಮ ಹಾಗೆಯೇ ನಾಮಪದದ ಕೊನೆಗೆ ಬರುತ್ತದೆ. 'ಗ' ಹೆಚ್ಚುಕಡಿಮೆ ಪ್ರಥಮಾ, 'ಒ' ದ್ವಿತೀಯಾ, 'ನಿ' ಚತುರ್ಥೀ, 'ನೊ' ಷಷ್ಠೀ. 'ದೆ' ಒಂದೇ ತೃತೀಯಾ, ಸಪ್ತಮೀ ಎರಡರ ಕೆಲಸವನ್ನೂ ಮಾಡುತ್ತದೆ. 'ಹಶಿ-ದೆ ತಬೆರು' ಅಂದರೆ ಕಡ್ಡಿಗಳಿಂದ ತಿನ್ನುವುದು, 'ಕ್ಯೋಟೊ-ದೆ ತಬೆರು' ಅಂದರೆ ಕ್ಯೋಟೊದಲ್ಲಿ ತಿನ್ನುವುದು. ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ, ದೆಸೆಯಿಂದ' ಅಂತ ಬಾಯಿಪಾಠ ಮಾಡಿದವರಿಗೆ ಈ ಪಟ್ಟಿ ದೊಡ್ಡ ವಿಷಯವೇ ಅಲ್ಲ.

ಆದರೆ ಎರಡು ವ್ಯತ್ಯಾಸ ಇವೆ. ನಮ್ಮಲ್ಲಿ ಪ್ರಥಮಾ ಮಾತಿನಲ್ಲಿ ಕಾಣುವುದೇ ಅಪರೂಪ. ನಾಯಿ, ಮನೆ, ಹುಡುಗ ಅಂತ ಬರಿಗೈಯಲ್ಲೇ ನಿಲ್ಲುತ್ತವೆ. ಜಪಾನಿಯಲ್ಲಿ ಪ್ರಥಮಾಗೂ 'ಗ' ಎಂಬ ಗಟ್ಟಿ ಗುರುತಿದೆ. ಇನ್ನೊಂದು, ಜಪಾನಿ ಪ್ರತ್ಯಯ ನಾಮಪದಕ್ಕೆ ಅಷ್ಟು ಬಿಗಿಯಾಗಿ ಅಂಟಿಕೊಳ್ಳುವುದಿಲ್ಲ. ಮರ ಅನ್ನುವುದು ಮರಕ್ಕೆ, ಮರದ ಅಂತ ರೂಪ ಬದಲಿಸುವ ಕಾಟ ಅಲ್ಲಿಲ್ಲ. ನಡುವೆ ಬೇರೆ ಪದವೂ ನುಸುಳಬಹುದು. 'ತರೋ-ದಕೆ-ಗ' ಅನ್ನುವಲ್ಲಿ 'ಮಾತ್ರ' ಎಂಬ ಅರ್ಥದ 'ದಕೆ' ಮೊದಲು, ವಿಭಕ್ತಿ ಆಮೇಲೆ. ನಾವು 'ರಾಮನಿಗೆ ಮಾತ್ರ' ಅನ್ನುತ್ತೇವೆ, 'ರಾಮ ಮಾತ್ರನಿಗೆ' ಅನ್ನುವುದಿಲ್ಲ.

ಕನ್ನಡಿಗರಿಗೆ ಜಪಾನಿ ವಾಕ್ಯ ಸುಲಭ ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಕ್ರಿಯಾಪದ ಕೊನೆಗೆ ಬರುವುದು ನಮಗೆ ಸಹಜ. 'ನಾನು ನೋಡಿದ ಸಿನಿಮಾ' ಅನ್ನುವುದನ್ನು 'ಬೊಕು-ಗ ಮಿತ ಏಗ' ಅಂತ ಪದಕ್ಕೆ ಪದ ಇಟ್ಟು ಹೇಳಬಹುದು. ಯಾರು ಎಂಬುದಕ್ಕೆ 'ದರೆ'. ಅದಕ್ಕೆ 'ಮೊ' ಸೇರಿಸಿದರೆ ಯಾರೂ, 'ಕ' ಸೇರಿಸಿದರೆ ಯಾರೋ. ನಮ್ಮ ಊ, ಓ ಮಾಡುವ ಕೆಲಸವನ್ನೇ ಇವು ಮಾಡುತ್ತವೆ.

ಕಷ್ಟ ಬೇರೆ ಕಡೆ ಇದೆ. ಕನ್ನಡದ ಕ್ರಿಯಾಪದ ಕರ್ತೃವಿನ ಗುರುತು ಹೊತ್ತುಕೊಂಡೇ ಬರುತ್ತದೆ. 'ಬಂದೆ' ಅಂದರೆ ನಾನು, 'ಬಂದಳು' ಅಂದರೆ ಅವಳು. ಜಪಾನಿಯ 'ಕಿತ' ಯಾರು ಬಂದರೂ 'ಕಿತ'ವೇ. ಹಾಗಿದ್ದರೂ ಅವರು ಸರ್ವನಾಮವನ್ನು ನಮಗಿಂತ ಜಾಸ್ತಿಯೇ ಬಿಡುತ್ತಾರೆ. ಹಾಗಾಗಿ 'ಕ್ರಿಯಾಪದದ ಜೊತೆ ಹೊಂದುವುದೇ ಕರ್ತೃ' ಎಂಬ ನಮ್ಮ ಸೂತ್ರ ಅಲ್ಲಿ ಕೈಕೊಡುತ್ತದೆ. ಜಪಾನಿ ವಾಕ್ಯರಚನೆಯ ಬಗ್ಗೆ ಇಷ್ಟೊಂದು ವಾದ ನಡೆದಿರುವುದಕ್ಕೆ ಇದೂ ಒಂದು ಕಾರಣ.

'ಗ' ಪ್ರಥಮಾ ಆದರೆ 'ವ' ಏನು? 'ಬೊಕು-ಗ', 'ಬೊಕು-ವ' ಎರಡೂ 'ನಾನು' ಅಂತಲೇ ಕೇಳಿಸುತ್ತಲ್ಲ?

ಕಲಿಯುವವರು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಚಿಕ್ಕ ಉತ್ತರ: 'ವ' ವಿಭಕ್ತಿಯೇ ಅಲ್ಲ. ಜಪಾನಿನ ವ್ಯಾಕರಣಕಾರ ಯೊಶಿಯೊ ಯಮದ 1908ರಲ್ಲೇ 'ಗ', 'ಒ'ಗಳನ್ನು ಒಂದು ಗುಂಪಿಗೂ 'ವ', 'ಮೊ'ಗಳನ್ನು ಇನ್ನೊಂದು ಗುಂಪಿಗೂ ಹಾಕಿದ್ದರು. 'ವ' ಹೇಳುವುದು 'ಇನ್ನು ಮುಂದಿನ ಮಾತು ಇದರ ಬಗ್ಗೆ' ಅಂತ. ಅದು ಕರ್ತೃವಿನ ಮೇಲೂ ಬರುತ್ತದೆ, ಕರ್ಮದ ಮೇಲೂ ಬರುತ್ತದೆ, 'ಕ್ಯೋಟೊ-ನಿ-ವ' ಅಂತ ಇನ್ನೊಂದು ಪ್ರತ್ಯಯದ ಮೇಲೂ ಹತ್ತಿ ಕೂರುತ್ತದೆ. 'ಗ', 'ಒ' ಮೇಲೆ ಮಾತ್ರ ಹತ್ತುವುದಿಲ್ಲ, ಅವನ್ನು ನುಂಗಿಬಿಡುತ್ತದೆ. ಅದಕ್ಕೇ ಕರ್ತೃವಿನ ಜಾಗದಲ್ಲಿ 'ಗ' ಮತ್ತು 'ವ' ಪೈಪೋಟಿಗೆ ಬಿದ್ದಂತೆ ಕಾಣುವುದು.

ವ್ಯತ್ಯಾಸ ಗೊತ್ತಾಗಬೇಕಾದರೆ ಪ್ರಶ್ನೆ ಕೇಳಿ ನೋಡಿ. ಯಾರು ಬಂದರು? 'ದರೆ-ಗ ಕಿತ?' ಸರಿ. '*ದರೆ-ವ ಕಿತ?' ತಪ್ಪು. ಯಾರು ಅಂತಲೇ ಗೊತ್ತಿಲ್ಲದಾಗ 'ಅವರ ವಿಷಯ' ಎತ್ತುವುದು ಹೇಗೆ, ಅಲ್ವಾ? ಉತ್ತರದಲ್ಲೂ 'ತರೋ-ಗ' ಅನ್ನಬೇಕು. ಈ 'ಗ'ಗೆ 'ತರೋನೇ, ಬೇರೆಯವರಲ್ಲ' ಎಂಬ ಒತ್ತು ಇದೆ.

ಭಾಷಾವಿಜ್ಞಾನಿ ಸುಸುಮು ಕುನೊ 1973ರ ತಮ್ಮ ಪುಸ್ತಕದಲ್ಲಿ ಇದನ್ನು ನಾಲ್ಕಾಗಿ ಬಿಡಿಸಿದರು. 'ವ'ದಲ್ಲಿ ಎರಡು: ವಿಷಯ ಎತ್ತುವುದು, ಹೋಲಿಸಿ ಬೇರೆ ಮಾಡುವುದು. 'ಗ'ದಲ್ಲಿ ಎರಡು: ಕಂಡದ್ದನ್ನು ಹಾಗೇ ಹೇಳುವುದು, 'ಇದೇ, ಬೇರೆಯದಲ್ಲ' ಅನ್ನುವುದು. ಹೋಲಿಸುವ 'ವ'ಕ್ಕೆ ನಮ್ಮ 'ಅಂತೂ' ಹತ್ತಿರ ಬರುತ್ತದೆ: 'ಅವನಂತೂ ಬಂದ'. ವಿಷಯ ಎತ್ತುವ 'ವ'ಕ್ಕೆ ನಮ್ಮಲ್ಲಿ ನೇರ ಪ್ರತ್ಯಯ ಇಲ್ಲ. ಮಾತಿನ ಏರಿಳಿತ, ಪದದ ಜಾಗ ಇವುಗಳಲ್ಲೇ ಆ ಕೆಲಸ ಮುಗಿಸುತ್ತೇವೆ.

ಶಿಗೆಯುಕಿ ಕುರೊದ ಇನ್ನೂ ಆಳಕ್ಕೆ ಹೋದರು. 'ಇನು-ಗ ಹಶಿತ್ತೆ ಇರು' ಅಂದಾಗ ಕಣ್ಣೆದುರಿನ ಒಂದು ದೃಶ್ಯ ಇಡಿಯಾಗಿ ಬರುತ್ತದೆ: ನಾಯಿ ಓಡುತ್ತಿದೆ. 'ಇನು-ವ' ಅಂದಾಗ ಮೊದಲು ನಾಯಿಯನ್ನು ಗುರುತಿಸಿ, ಆಮೇಲೆ ಅದರ ಬಗ್ಗೆ ಒಂದು ಮಾತು ಹೇಳುತ್ತೇವೆ. ಯುರೋಪಿನ ತತ್ವಜ್ಞಾನಿಗಳು ಎರಡು ಬಗೆಯ ತೀರ್ಮಾನ ಅಂತ ಹೇಳುತ್ತಿದ್ದ ಭೇದ ಜಪಾನಿಯಲ್ಲಿ ಎರಡು ಪ್ರತ್ಯಯವಾಗಿ ಕಿವಿಗೇ ಕೇಳಿಸುತ್ತದೆ ಅನ್ನುವುದು ಅವರ ವಾದ. ನನಗೆ ಈ ವಿವರಣೆ ಕುನೊ ಅವರ ಪಟ್ಟಿಗಿಂತ ಇಷ್ಟ. ಆದರೆ ಕಲಿಯುವವರಿಗೆ ಮೊದಲ ದಿನ ಪಟ್ಟಿಯೇ ಸಾಕು.

'ಆನೆ ಮೂಗು ಉದ್ದ' ಎಂಬ ಪ್ರಸಿದ್ಧ ವಾಕ್ಯದಲ್ಲಿ ಕರ್ತೃ ಯಾರು?

'ಜೋ-ವ ಹನ-ಗ ನಗಯಿ.' ಜೋ ಆನೆ, ಹನ ಮೂಗು, ನಗಯಿ ಉದ್ದ. ನಾವಾದರೆ 'ಆನೆಗೆ ಸೊಂಡಿಲು ಉದ್ದ' ಅಥವಾ 'ಆನೆಯ ಸೊಂಡಿಲು ಉದ್ದ' ಅನ್ನುತ್ತೇವೆ. ಚತುರ್ಥೀ ಅಥವಾ ಷಷ್ಠೀ ಹಾಕಿ ತಾಪತ್ರಯ ತಪ್ಪಿಸಿಕೊಳ್ಳುತ್ತೇವೆ. ಜಪಾನಿಯಲ್ಲಿ ಅದಿಲ್ಲ.

ಶಾಲಾ ಗಣಿತದ ಮೇಷ್ಟ್ರಾಗಿದ್ದ ಅಕಿರ ಮಿಕಮಿ 1960ರಲ್ಲಿ ಇದೇ ವಾಕ್ಯವನ್ನು ಹೆಸರಾಗಿಟ್ಟು ಒಂದು ಪುಸ್ತಕ ಬರೆದರು. ಆನೆ ಕರ್ತೃವಲ್ಲ, ಅದು ಮಾತಿನ ವಿಷಯ. ಮೂಗಿಗೂ ಯುರೋಪಿನ ಭಾಷೆಗಳ ಕರ್ತೃವಿಗಿರುವ ವಿಶೇಷ ಸ್ಥಾನವೇನೂ ಇಲ್ಲ. ಹಾಗಾಗಿ ಜಪಾನಿ ವ್ಯಾಕರಣದಿಂದ 'ಕರ್ತೃ' ಎಂಬ ಪದವನ್ನೇ ತೆಗೆದುಹಾಕಿ ಅಂದರು. ಬೇರೆ ಭಾಷೆಯ ಅಚ್ಚನ್ನು ತಂದು ತಮ್ಮ ಭಾಷೆಗೆ ಒತ್ತುವುದು ಅವರಿಗೆ ಹಿಡಿಸಿರಲಿಲ್ಲ. 'ವ' ಒಂದು ವಾಕ್ಯದ ಪೂರ್ಣವಿರಾಮ ದಾಟಿ ಮುಂದಿನ ವಾಕ್ಯಗಳಿಗೂ ಚಾಚುತ್ತದೆ ಅಂತ ತೋರಿಸಿದವರೂ ಅವರೇ. ಅವರ ಮಾತಿನಲ್ಲಿ ಹಟ ಇದೆ. ಆದರೆ ಉದಾಹರಣೆಗಳನ್ನು ನೋಡಿದರೆ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಹಾಗಾದರೆ ಜಪಾನಿಯಲ್ಲಿ ಕರ್ತೃವೇ ಇಲ್ವಾ?

ಇದೆ ಅನ್ನುವವರೇ ಈಗ ಜಾಸ್ತಿ. ಆದರೆ ಅವರು 'ಗ' ಇದೆ ಅಂತ ಹಾಗೆ ಹೇಳುವುದಿಲ್ಲ. ಇದು ಮುಖ್ಯ. ವಿಭಕ್ತಿಯ ಗುರುತು ಒಂದು, ವಾಕ್ಯದಲ್ಲಿ ಆ ಪದಕ್ಕಿರುವ ಸ್ಥಾನ ಇನ್ನೊಂದು. ಸಂಸ್ಕೃತ ಓದಿದವರಿಗೆ ಇದರ ಹತ್ತಿರದ ವಿಚಾರ ಗೊತ್ತಿರುತ್ತದೆ. ಪಾಣಿನಿಯಲ್ಲಿ ಕಾರಕವೇ ಬೇರೆ, ವಿಭಕ್ತಿಯೇ ಬೇರೆ. 'ರಾಮೇಣ ಹತಃ' ಅಂದಾಗ ಕರ್ತೃವಿಗೇ ತೃತೀಯಾ ಬಂದಿದೆ. ಕಾರಕ ಹೇಳುವುದು ಅರ್ಥದ ಪಾತ್ರವನ್ನು. ಇಲ್ಲಿ ಕೇಳುತ್ತಿರುವುದು ರಚನೆಯಲ್ಲಿನ ಸ್ಥಾನವನ್ನು. ಆದರೂ 'ಗುರುತನ್ನು ನೋಡಿ ಮೋಸ ಹೋಗಬೇಡ' ಎಂಬ ಎಚ್ಚರ ಎರಡಕ್ಕೂ ಒಂದೇ.

ಸ್ಥಾನ ಪತ್ತೆ ಮಾಡಲು 1970ರ ದಶಕದಲ್ಲಿ ಎರಡು ಪರೀಕ್ಷೆಗಳು ಬಳಕೆಗೆ ಬಂದವು. ಶಿನ್-ಇಚಿ ಹರದ, ಮಸಯೊಶಿ ಶಿಬತನಿ ಮುಂತಾದವರು ಇವನ್ನು ಚೆನ್ನಾಗಿ ಬಳಸಿದರು.

ಒಂದು ಗೌರವ. 'ಒ-ತಸುಕೆ-ನಿ ನರು' ಅಂದರೆ 'ಸಹಾಯ ಮಾಡುವುದು' ಎಂಬುದರ ಗೌರವದ ರೂಪ. 'ಸೆನ್ಸೇ-ಗ ಗಕುಸೇ-ಒ ಒ-ತಸುಕೆ-ನಿ ನತ್ತ', ಅಂದರೆ ಮೇಷ್ಟ್ರು ವಿದ್ಯಾರ್ಥಿಗೆ ಸಹಾಯ ಮಾಡಿದರು. ಚೆನ್ನಾಗಿದೆ. ತಿರುಗಿಸಿ ವಿದ್ಯಾರ್ಥಿ ಮೇಷ್ಟ್ರಿಗೆ ಸಹಾಯ ಮಾಡಿದ ಅಂತ ಇದೇ ರೂಪದಲ್ಲಿ ಹೇಳಿದರೆ ಗೌರವ ವಿದ್ಯಾರ್ಥಿಗೆ ಹೋಗಿ ನಗು ಬರುತ್ತದೆ. ಅಂದರೆ ಕ್ರಿಯಾಪದದ ಗೌರವ ಒಂದು ನಿರ್ದಿಷ್ಟ ಸ್ಥಾನವನ್ನೇ ಹುಡುಕಿಕೊಂಡು ಹೋಗುತ್ತದೆ. ಕನ್ನಡದಲ್ಲೂ ಹಾಗೇ ಅಲ್ವಾ? 'ಮೇಷ್ಟ್ರು ಹುಡುಗನನ್ನು ನೋಡಿದರು', ಆದರೆ 'ಹುಡುಗ ಮೇಷ್ಟ್ರನ್ನು ನೋಡಿದ'.

ಇನ್ನೊಂದು 'ಜಿಬುನ್', ನಮ್ಮ 'ತಾನು'. 'ತರೋ-ಗ ಹನಕೊ-ಒ ಜಿಬುನ್-ನೊ ಹೆಯ-ದೆ ಮಿತ', ಅಂದರೆ ತರೋ ಹನಕೊಳನ್ನು ತನ್ನ ಕೋಣೆಯಲ್ಲಿ ಕಂಡ. ಕೋಣೆ ತರೋನದು, ಹನಕೊಳದಲ್ಲ. ಪದಗಳ ಜಾಗ ಅದಲುಬದಲು ಮಾಡಿದರೂ ಇದು ಬದಲಾಗುವುದಿಲ್ಲ.

ಎರಡೂ ಪರೀಕ್ಷೆ ಒಂದೇ ಪದದ ಕಡೆ ಬೆರಳು ತೋರಿಸಿದರೆ ಅದನ್ನು ಕರ್ತೃ ಅನ್ನೋಣ ಅನ್ನುವುದು ಅವರ ದಾರಿ.

'ನನಗೆ ಗೊತ್ತು' ಥರದ ವಾಕ್ಯ ಅಲ್ಲೂ ಇದೆಯಾ?

ಇದೆ, ಕನ್ನಡಿಗರು ನಿಂತು ನೋಡಬೇಕಾದ ಜಾಗವೇ ಇದು. 'ತರೋ-ನಿ ಏಗೊ-ಗ ವಕರು': ತರೋಗೆ ಇಂಗ್ಲಿಷ್ ಅರ್ಥವಾಗುತ್ತದೆ. ಅರ್ಥ ಮಾಡಿಕೊಳ್ಳುವವನಿಗೆ ಚತುರ್ಥೀ, ಅರ್ಥವಾಗುವ ವಸ್ತುವಿಗೆ ಪ್ರಥಮಾ. ಕನ್ನಡದ ಇಂಥ ವಾಕ್ಯಗಳ ಬಗ್ಗೆ ಎಸ್. ಎನ್. ಶ್ರೀಧರ್ 1970ರ ದಶಕದಲ್ಲೇ ಬರೆದಿದ್ದಾರೆ. ಎರಡೂ ಕಡೆ ಪ್ರಶ್ನೆ ಒಂದೇ: ಚತುರ್ಥೀ ಹೊತ್ತವನು ಕರ್ತೃವೋ ಅಲ್ಲವೋ?

'ತನ್ನ' ಪರೀಕ್ಷೆ ಎರಡೂ ಭಾಷೆಯಲ್ಲಿ ಹೌದು ಅನ್ನುತ್ತದೆ. 'ರಾಜುಗೆ ತನ್ನ ಮನೆ ಇಷ್ಟ' ಅಂದಾಗ ಮನೆ ರಾಜುದೇ. ಗೌರವದ ಪರೀಕ್ಷೆಯಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ. 'ಮೇಷ್ಟ್ರಿಗೆ ಇಂಗ್ಲಿಷ್ ಅರ್ಥವಾಗುತ್ತದೆ' ಅಂದಾಗ ನಮ್ಮ ಕ್ರಿಯಾಪದ ಮೇಷ್ಟ್ರನ್ನು ತಿರುಗಿಯೂ ನೋಡುವುದಿಲ್ಲ. ಅದು 'ಇಂಗ್ಲಿಷ್' ಜೊತೆ ಹೊಂದಿಕೊಂಡು ನಪುಂಸಕಲಿಂಗದಲ್ಲಿ ನಿಲ್ಲುತ್ತದೆ. ಜಪಾನಿಯಲ್ಲಿ 'ಸೆನ್ಸೇ-ನಿ ಏಗೊ-ಗ ಒ-ವಕರಿ-ನಿ ನರು' ಅನ್ನಬಹುದು. ಗೌರವ ಸೀದಾ ಮೇಷ್ಟ್ರಿಗೇ ಸಲ್ಲುತ್ತದೆ, 'ಗ' ಹಾಕಿಕೊಂಡ ಇಂಗ್ಲಿಷಿಗಲ್ಲ. ಕನ್ನಡದ ಕ್ರಿಯಾಪದ ಪ್ರಥಮಾ ಗುರುತನ್ನು ನೋಡುತ್ತದೆ, ಜಪಾನಿಯ ಗೌರವ ಸ್ಥಾನವನ್ನು ನೋಡುತ್ತದೆ. 'ನಿ' ಹೊತ್ತವನು ಕರ್ತೃ, 'ಗ' ಹೊತ್ತದ್ದು ಕರ್ಮ ಅನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಇಷ್ಟಾದರೂ '*ತರೋ-ನಿ ಏಗೊ-ಒ ವಕರು' ಅನ್ನುವಂತಿಲ್ಲ. ವಾಕ್ಯದಲ್ಲಿ ಒಂದಾದರೂ 'ಗ' ಇರಬೇಕು ಎಂಬ ನಿಯಮವನ್ನು ಶಿಬತನಿ ಹೇಳಿದ್ದರು.

ಕಲಿಯುವವರಿಗೆ ಒಂದು ಎಚ್ಚರಿಕೆ. ನಮ್ಮ ಚತುರ್ಥೀ ಹೋದಲ್ಲೆಲ್ಲ 'ನಿ' ಹೋಗುವುದಿಲ್ಲ. 'ನನಗೆ ಸುಶಿ ಇಷ್ಟ' ಅನ್ನಲು '*ಬೊಕು-ನಿ ಸುಶಿ-ಗ ಸುಕಿ ದ' ಅನ್ನಬೇಡಿ. 'ಬೊಕು-ವ ಸುಶಿ-ಗ ಸುಕಿ ದ' ಅನ್ನಿ. ಹಸಿವು, ಚಳಿಗೂ 'ನಿ' ಇಲ್ಲ. ಹಸಿವಾದರೆ 'ಒನಕ-ಗ ಸುಯಿತ', ಹೊಟ್ಟೆ ಖಾಲಿಯಾಯಿತು.

ಪದಗಳನ್ನು ಹೇಗೆ ಬೇಕಾದರೂ ಜೋಡಿಸಬಹುದಲ್ಲ. ಮತ್ತೆ ರಚನೆ ಅಂತ ಏನಿದೆ?

1980ರ ಸುಮಾರಿಗೆ ದೊಡ್ಡ ವಾದ ಆಗಿದ್ದು ಇದೇ ಪ್ರಶ್ನೆಯ ಮೇಲೆ. ಆಸ್ಟ್ರೇಲಿಯಾದ ವಾರ್ಲ್‌ಪಿರಿ ಭಾಷೆಯ ಮೇಲೆ ಕೆಲಸ ಮಾಡಿದ್ದ ಕೆನ್ ಹೇಲ್, ಕೆಲವು ಭಾಷೆಗಳ ವಾಕ್ಯ ಚಪ್ಪಟೆಯಾಗಿರುತ್ತದೆ ಅಂದರು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಒಂದೇ ಸಾಲಿನಲ್ಲಿ ಸರಿಸಮನಾಗಿ ನಿಂತಿರುತ್ತವೆ. ಇಂಗ್ಲಿಷಿನಂತೆ ಕರ್ಮ ಮತ್ತು ಕ್ರಿಯಾಪದ ಸೇರಿ ಒಂದು ಘಟಕ, ಅದರ ಮೇಲೆ ಕರ್ತೃ ಎಂಬ ಹಂತಗಳಿಲ್ಲ. ಜಪಾನಿಯನ್ನೂ ಆ ಗುಂಪಿಗೆ ಸೇರಿಸಿದರು. ಪದಕ್ರಮ ಇಷ್ಟು ಸಡಿಲವಾಗಿರುವಾಗ ಹಾಗೆ ಅನಿಸುವುದು ಸಹಜವೇ.

ಎದುರು ನಿಂತವರು ಮಮೊರು ಸೈತೋ, ಹಜಿಮೆ ಹೋಜಿ. 1983ರ ಜಂಟಿ ಲೇಖನ, 1985ರ ಇಬ್ಬರ ಪಿಎಚ್‌ಡಿ ಪ್ರಬಂಧಗಳು ಜಪಾನಿಗೂ ಹಂತಗಳಿವೆ, ಪದಗಳು ತಮ್ಮ ಮೂಲ ಜಾಗದಿಂದ ಎದ್ದು ಮುಂದಕ್ಕೆ ಬರುತ್ತವೆ ಅಂತ ವಾದಿಸಿದವು. ಹೀಗೆ ಎದ್ದು ಬರುವುದಕ್ಕೆ ಸ್ಕ್ರ್ಯಾಂಬ್ಲಿಂಗ್ ಅನ್ನುತ್ತಾರೆ. ಹೆಸರು ಕೊಟ್ಟವರು ಹಾಜ್ ರಾಸ್, 1967ರಲ್ಲಿ.

ಸಾಕ್ಷಿಗಳಲ್ಲಿ ನನಗೆ ತುಂಬಾ ಹಿಡಿಸುವುದು ಸಂಖ್ಯೆಯದ್ದು. ಜಪಾನಿಯಲ್ಲಿ ಎಣಿಸುವಾಗ ವಸ್ತುವಿಗೆ ತಕ್ಕ ಪದ ಬೇಕು. ಮೂರು ಜನ ಅಂದರೆ 'ಸನ್ನಿನ್', ಮೂರು ಬಾಟಲಿ ಅಂದರೆ 'ಸಂಬೊನ್'. ಹಾಗಾಗಿ ಸಂಖ್ಯೆ ಎಲ್ಲಿದ್ದರೂ ಅದು ಯಾರ ಲೆಕ್ಕ ಅಂತ ತಕ್ಷಣ ಗೊತ್ತಾಗುತ್ತದೆ. ಈಗ ನೋಡಿ:

'ಗಕುಸೇ-ಗ ಸನ್ನಿನ್ ಸಕೆ-ಒ ನೊಂದ.' ವಿದ್ಯಾರ್ಥಿಗಳು ಮೂರು ಜನ ಸಕೆ (ಅಕ್ಕಿಯ ಮದ್ಯ) ಕುಡಿದರು. ಸರಿ.

'*ಗಕುಸೇ-ಗ ಸಕೆ-ಒ ಸನ್ನಿನ್ ನೊಂದ.' ಕರ್ತೃವಿಗೂ ಅದರ ಸಂಖ್ಯೆಗೂ ನಡುವೆ ಕರ್ಮ ಬಂತು. ಕೆಟ್ಟಿತು.

'ಸಕೆ-ಒ ಗಕುಸೇ-ಗ ಸಂಬೊನ್ ನೊಂದ.' ಸಕೆಯನ್ನು ವಿದ್ಯಾರ್ಥಿಗಳು ಮೂರು ಬಾಟಲಿ ಕುಡಿದರು. ಕರ್ಮಕ್ಕೂ ಅದರ ಸಂಖ್ಯೆಗೂ ನಡುವೆ ಕರ್ತೃ ಬಂತು. ಆದರೂ ಸರಿ!

ವಾಕ್ಯ ಚಪ್ಪಟೆಯಾಗಿದ್ದರೆ ಎರಡೂ ಒಟ್ಟಿಗೆ ಸರಿಯಾಗಬೇಕಿತ್ತು, ಇಲ್ಲವೇ ಒಟ್ಟಿಗೆ ಕೆಡಬೇಕಿತ್ತು. ಸಂಖ್ಯೆ ತನ್ನ ನಾಮಪದದ ಪಕ್ಕದಲ್ಲೇ ಇರಬೇಕು ಅಂದುಕೊಳ್ಳಿ. ಮೂರನೆಯ ವಾಕ್ಯದಲ್ಲಿ ಸಕೆ ಮೊದಲು 'ಸಂಬೊನ್' ಪಕ್ಕದಲ್ಲೇ ಇತ್ತು, ಆಮೇಲೆ ಮುಂದಕ್ಕೆ ಹೋಯಿತು. ಬಿಟ್ಟುಹೋದ ಖಾಲಿ ಜಾಗ ಅಲ್ಲೇ ಇದೆ, ಅದಕ್ಕೇ ತೊಂದರೆಯಿಲ್ಲ. ಎರಡನೆಯದರಲ್ಲಿ ಕರ್ತೃ ಯಾವತ್ತೂ ಕರ್ಮದ ಬಲಗಡೆ ಇರಲೇ ಇಲ್ಲ, ಹಾಗಾಗಿ ಅಲ್ಲಿ ಅದರ ಖಾಲಿ ಜಾಗವೂ ಇಲ್ಲ. ಕಣ್ಣಿಗೆ ಕಾಣದ ರಚನೆಯೊಂದು ಎಣಿಕೆಯ ಪದದಿಂದ ಸಿಕ್ಕಿಬಿತ್ತು.

ಎರಡನೆಯ ಥರದ ವಾಕ್ಯಗಳನ್ನು ಸಂದರ್ಭ, ಒತ್ತು ಸರಿಯಿದ್ದರೆ ಕೆಲವು ಜಪಾನಿಗರು ಒಪ್ಪುತ್ತಾರೆ ಅಂತ ಆಮೇಲೆ ತೋರಿಸಿದವರೂ ಇದ್ದಾರೆ. ಶಿಗೆರು ಮಿಯಗವ ಅದಕ್ಕೂ ರಚನೆಯಿಂದಲೇ ಉತ್ತರ ಹೇಳುತ್ತಾರೆ. 'ಪುಸ್ತಕ ನಾನು ಎರಡು ತಗೊಂಡೆ' ಅಂತ ನಾವೂ ಸಲೀಸಾಗಿ ಹೇಳುತ್ತೇವಲ್ಲ. ಕನ್ನಡದಲ್ಲಿ ಕರ್ತೃವಿನ ಸಂಖ್ಯೆಯನ್ನು ಕರ್ಮದ ಆಚೆಗೆ ಹಾಕಿ ನೋಡಿ, ನಿಮ್ಮ ಕಿವಿ ಏನು ಹೇಳುತ್ತದೆ ಅಂತ.

ಒಂದು ವಾಕ್ಯದಲ್ಲಿ ಎಷ್ಟು 'ಗ' ಬರಬಹುದು?

ಮಿತಿ ಇಲ್ಲ, ಕೇಳುವವರ ತಾಳ್ಮೆಯಷ್ಟು. ಕುನೊ ಕೊಟ್ಟ ಉದಾಹರಣೆಯಲ್ಲಿ ಮೂರು: 'ಬುನ್ಮೇಕೊಕು-ಗ ದನ್ಸೇ-ಗ ಹೇಕಿನ್-ಜುಮ್ಯೋ-ಗ ಮಿಜಿಕಯಿ.' ಮುಂದುವರಿದ ದೇಶಗಳಲ್ಲೇ ಗಂಡಸರ ಸರಾಸರಿ ಆಯಸ್ಸು ಕಡಿಮೆ ಇರುವುದು ಎಂಬ ಅರ್ಥ. ದೇಶಕ್ಕೆ 'ಗ', ಗಂಡಸರಿಗೆ 'ಗ', ಆಯಸ್ಸಿಗೂ 'ಗ'.

ನವೊಕಿ ಫುಕುಯಿ 1986ರಲ್ಲಿ ಇದಕ್ಕೆ ಒಂದು ಚಂದದ ಕಾರಣ ಕೊಟ್ಟರು. ಇಂಗ್ಲಿಷಿನಲ್ಲಿ ಕ್ರಿಯಾಪದ ಒಬ್ಬ ಕರ್ತೃವಿನ ಜೊತೆ ಹೊಂದಿಕೊಂಡ ಕೂಡಲೇ ಬಾಗಿಲು ಮುಚ್ಚುತ್ತದೆ. ಜಪಾನಿಯಲ್ಲಿ ಹಾಗೆ ಹೊಂದುವ ಪದ್ಧತಿಯೇ ಇಲ್ಲ, ಹಾಗಾಗಿ ಬಾಗಿಲು ತೆರೆದೇ ಇರುತ್ತದೆ. ಕುರೊದ ಕೂಡ 1988ರಲ್ಲಿ ಇದೇ ದಾರಿಯ ವಾದ ಮಂಡಿಸಿದರು. ಸ್ಕ್ರ್ಯಾಂಬ್ಲಿಂಗ್ ಸಲೀಸಾಗಿರುವುದಕ್ಕೂ ಇದೇ ಕಾರಣ ಅಂದರು. ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಮಾನ ಬರಬೇಕು. ನಮ್ಮ ಕ್ರಿಯಾಪದ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ, ಆದರೂ ಪದಗಳನ್ನು ಹಿಂದೆಮುಂದೆ ಮಾಡುವುದರಲ್ಲಿ ನಾವೇನೂ ಕಡಿಮೆಯಿಲ್ಲ.

ಹಾಗಾದರೆ ಎರಡು 'ಒ' ಬರಬಹುದಾ?

ಬರುವಂತಿಲ್ಲ. ನಮ್ಮ 'ಇಸು' ಥರ ಅಲ್ಲಿ 'ಸಸೆ' ಇದೆ. ಹನಕೊಳನ್ನು ನಡೆಸಿದ ಅನ್ನಲು 'ಹನಕೊ-ಒ ಅರುಕಸೆತ' ಅನ್ನಬಹುದು, 'ಹನಕೊ-ನಿ' ಅಂತಲೂ ಅನ್ನಬಹುದು. 'ಒ' ಬಂದರೆ ಬಲವಂತದ ವಾಸನೆ, 'ನಿ' ಬಂದರೆ ಅವಳ ಇಷ್ಟಕ್ಕೆ ಬಿಟ್ಟ ಹಾಗೆ. ಆದರೆ ಓದಿಸುವುದಾದರೆ ಪುಸ್ತಕಕ್ಕೊಂದು 'ಒ' ಆಗಲೇ ಬಂದಿರುತ್ತದೆ. ಆಗ 'ಹನಕೊ-ನಿ ಹೊನ್-ಒ ಯೊಮಸೆತ' ಮಾತ್ರ ಸರಿ. '*ಹನಕೊ-ಒ ಹೊನ್-ಒ ಯೊಮಸೆತ' ಅಂದರೆ ಜಪಾನಿಗರು ಮುಖ ಕಿವಿಚುತ್ತಾರೆ. ಬಲವಂತವೋ ಒಪ್ಪಿಗೆಯೋ ಎಂಬ ಭೇದವೂ ಆಗ ಮಾಯ. ನಾವು 'ಹನಕೊ ಕೈಲಿ ಪುಸ್ತಕ ಓದಿಸಿದ' ಅಂತ ಬೇರೆಯೇ ದಾರಿ ಹಿಡಿಯುತ್ತೇವೆ.

ಎರಡು 'ಒ'ಗಳ ಈ ನಿಷೇಧಕ್ಕೆ 1973ರಲ್ಲಿ ಹರದ ಹೆಸರು ಕೊಟ್ಟರು. ತಮಾಷೆಯೆಂದರೆ ದಾರಿ ತೋರಿಸುವ 'ಒ' ಕೂಡ ಒಂದಿದೆ: 'ಮಿಚಿ-ಒ ಅರುಕು', ದಾರಿಯಲ್ಲಿ ನಡೆಯುವುದು. ಇದರ ಜೊತೆ ಇನ್ನೊಂದು 'ಒ' ಬಂದರೆ ಕಿವಿಗೆ ಕೊಂಚ ಚುಚ್ಚುತ್ತದೆ, ಅಷ್ಟೆ. ಒಂದನ್ನು ಬೇರೆ ಕಡೆಗೆ ಸರಿಸಿದರೆ ಸರಿಹೋಗುತ್ತದೆ. ಕರ್ಮದ 'ಒ' ಹಾಗೆ ಸರಿಹೋಗುವುದಿಲ್ಲ.

ಅಷ್ಟಕ್ಕೂ 'ಗ', 'ಒ' ಎಲ್ಲಿಂದ ಬರುತ್ತವೆ? ಯಾರು ಕೊಡುತ್ತಾರೆ?

ಎರಡು ಪಕ್ಷ ಇವೆ.

ಒಂದು ಪಕ್ಷದ ಪ್ರಕಾರ 'ಗ' ಕೊಡುವುದು ಕಾಲ. ಅಂದರೆ ಭೂತ, ವರ್ತಮಾನದ ಗುರುತು. ಕೋಯಿಚಿ ತಕೆಜವ 1987ರಲ್ಲಿ ಇದನ್ನು ವಾದಿಸಿದರು. 'ಹನಕೊಳ ದನಿ ಚೆನ್ನಾಗಿದೆ ಅಂದುಕೊಂಡ' ಅನ್ನಲು 'ಹನಕೊ-ನೊ ಕೊಎ-ಗ ಉತ್ಸುಕುಶೀ ತೊ ಒಮೊತ್ತ'. ಇಲ್ಲಿ 'ಉತ್ಸುಕುಶೀ' ಕಾಲ ಇರುವ ರೂಪ, ಅದು 'ಗ' ಕೊಡುತ್ತದೆ. ಅದನ್ನೇ ಕಾಲವಿಲ್ಲದ 'ಉತ್ಸುಕುಶಿಕು' ಮಾಡಿದರೆ 'ಕೊಎ-ಒ ಉತ್ಸುಕುಶಿಕು ಒಮೊತ್ತ' ಅನ್ನಬೇಕು. ಕಾಲ ಹೋಯಿತು, ಜೊತೆಗೆ 'ಗ'ವೂ ಹೋಯಿತು. ದನಿಗೆ ಈಗ 'ಅಂದುಕೊಂಡ' ಎಂಬ ಮುಖ್ಯ ಕ್ರಿಯಾಪದದಿಂದ 'ಒ' ಸಿಗುತ್ತದೆ.

ಇನ್ನೊಂದು ಪಕ್ಷ ಲೆಕ್ಕಾಚಾರದ್ದು. ಒಂದೇ ಉಪವಾಕ್ಯದಲ್ಲಿ ವಿಭಕ್ತಿ ಇಲ್ಲದ ಎರಡು ನಾಮಪದ ಇದ್ದರೆ ಕೆಳಗಿನದಕ್ಕೆ 'ಒ', ಉಳಿದದ್ದಕ್ಕೆ 'ಗ'. ಯಾರೂ ಕೊಡುವ ಅಗತ್ಯವಿಲ್ಲ. ಈ ವಿಚಾರ ಅಲೆಕ್ ಮರಾಂಟ್ಜ್ 1991ರಲ್ಲಿ ಬರೆದದ್ದರಿಂದ ಎಲ್ಲ ಭಾಷೆಗಳ ಚರ್ಚೆಗೂ ಹಬ್ಬಿತು. ಕುರೊದ ಜಪಾನಿಗಾಗಿ ಇದೇ ಜಾಡಿನ ಯೋಚನೆಯನ್ನು ಬಹಳ ಮೊದಲೇ ಮಾಡಿದ್ದರು.

ಮೂರು 'ಗ' ಬರುವ ವಾಕ್ಯ ಎರಡೂ ಪಕ್ಷಕ್ಕೂ ತಲೆನೋವು. ಲೆಕ್ಕಾಚಾರದವರಿಗೆ ಸ್ವಲ್ಪ ಜಾಸ್ತಿ ಅಂತ ನನ್ನ ಅಭಿಪ್ರಾಯ. ಎರಡನೆಯದಕ್ಕೆ 'ಒ' ಬರಬೇಕಿತ್ತಲ್ಲ, ಯಾಕೆ ಬರಲಿಲ್ಲ ಅಂತ ಅವರು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ.

ಕರ್ಮಕ್ಕೆ 'ಒ' ಬದಲು 'ಗ' ಹಾಕಿದರೆ ಅರ್ಥ ಬದಲಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ಆದರೆ ಒಂದು ಕಡೆ ಬದಲಾಗುತ್ತದೆ, ಅದು ನೋಡಲು ಮಜವಾಗಿದೆ. ಕ್ರಿಯಾಪದಕ್ಕೆ 'ಆಗುತ್ತದೆ, ಸಾಧ್ಯ' ಎಂಬ ರೂಪ ಬಂದಾಗ ಕರ್ಮ 'ಒ' ಅಥವಾ 'ಗ' ಯಾವುದನ್ನು ಬೇಕಾದರೂ ತೆಗೆದುಕೊಳ್ಳಬಹುದು. ಕಿಯೊಮಿ ಎಂಬುವಳು ಕಣ್ಣು ಮುಚ್ಚುವ ವಿಷಯ. ಮಿಗಿಮೆ ಅಂದರೆ ಬಲಗಣ್ಣು.

'ಕಿಯೊಮಿ-ವ ಮಿಗಿಮೆ-ದಕೆ-ಒ ತ್ಸುಮುರೆರು.' ಅವಳಿಗೆ ಬಲಗಣ್ಣನ್ನಷ್ಟೇ ಮುಚ್ಚುವು‌ದು ಗೊತ್ತು, ಅಂದರೆ ಕಣ್ಣು ಹೊಡೆಯಲು ಬರುತ್ತದೆ.

'ಕಿಯೊಮಿ-ವ ಮಿಗಿಮೆ-ದಕೆ-ಗ ತ್ಸುಮುರೆರು.' ಅವಳಿಗೆ ಮುಚ್ಚಲು ಆಗುವುದು ಬಲಗಣ್ಣೊಂದೇ. ಎಡಗಣ್ಣು ಮುಚ್ಚಲು ಬರುವುದಿಲ್ಲ.

ಮೊದಲನೆಯದು ಒಂದು ಕೌಶಲ, ಎರಡನೆಯದು ಒಂದು ಕೊರತೆ. ಬದಲಾಗಿದ್ದು ಒಂದೇ ಒಂದು ಅಕ್ಷರ. ಹಿರೊಅಕಿ ತದ, ಮಸತೊಶಿ ಕೊಯ್ಜುಮಿ 1990ರ ದಶಕದಲ್ಲಿ ಇದರ ಮೇಲೆ ಬರೆದರು. 'ಗ' ಹೊತ್ತ ಕರ್ಮ 'ಸಾಧ್ಯ' ಎಂಬ ಭಾಗಕ್ಕಿಂತ ಮೇಲಿನ ಹಂತಕ್ಕೆ ಏರುತ್ತದೆ, 'ಒ' ಹೊತ್ತದ್ದು ಕೆಳಗೇ ಉಳಿಯುತ್ತದೆ ಎಂಬುದು ವಿವರಣೆಯ ತಿರುಳು. ಹೊತ್ತ ಗುರುತಿಗೂ ಇರುವ ಹಂತಕ್ಕೂ ಇಲ್ಲಿ ನಂಟು ಇದೆ. ಎಲ್ಲ ಕಡೆ ಎರಡನ್ನೂ ಪೂರ್ತಿ ಬೇರೆ ಮಾಡಿಬಿಡಲು ಆಗುವುದಿಲ್ಲ.

'ಮಳೆಯಿಂದ ಸುರಿಯಲ್ಪಟ್ಟ' ಅಂತ ಜಪಾನಿಗರು ನಿಜವಾಗಿ ಹೇಳುತ್ತಾರಾ?

ಹೇಳುತ್ತಾರೆ. 'ತರೋ-ಗ ಅಮೆ-ನಿ ಫುರರೆತ.' ನಾವು 'ಮಳೆಗೆ ಸಿಕ್ಕಿಹಾಕಿಕೊಂಡ' ಅನ್ನುವ ಕಡೆ ಅವರು ಕರ್ಮಣಿ ಪ್ರಯೋಗ ಮಾಡುತ್ತಾರೆ. 'ಸುರಿ' ಅಕರ್ಮಕ ಕ್ರಿಯಾಪದ, ಎದ್ದು ಕರ್ತೃವಿನ ಜಾಗಕ್ಕೆ ಬರಲು ಅದಕ್ಕೆ ಕರ್ಮವೇ ಇಲ್ಲ. ಆದರೂ ಹೊಸದಾಗಿ ಒಬ್ಬ ಕರ್ತೃ ಬಂದು ಕೂರುತ್ತಾನೆ, ತೊಂದರೆ ಅನುಭವಿಸುವವನಾಗಿ. ಇಂಥ ವಾಕ್ಯದಲ್ಲಿ 'ಜಿಬುನ್' ತೊಂದರೆ ಅನುಭವಿಸುವವನು, ಕೆಲಸ ಮಾಡಿದವನು ಇಬ್ಬರಲ್ಲಿ ಯಾರನ್ನು ಬೇಕಾದರೂ ತೋರಿಸಬಹುದು, ಮಾಮೂಲಿ ಕರ್ಮಣಿಯಲ್ಲಿ ಒಬ್ಬರನ್ನು ಮಾತ್ರ ಅಂತ ಕುನೊ ಗಮನಿಸಿದರು. ಅಂದರೆ ಒಳಗೆ ಎರಡು ಉಪವಾಕ್ಯ ಅಡಗಿರಬೇಕು. ಎರಡು ಬಗೆಯ ಕರ್ಮಣಿಗೆ ಒಂದೇ ಮೂಲವೋ ಬೇರೆ ಬೇರೆಯೋ ಅಂತ ದಶಕಗಳ ಕಾಲ ಜಗಳ ನಡೆಯಿತು.

'ನಾನು ಹಾವುಮೀನು' ಅಂತಲೂ ಹೇಳುತ್ತಾರಂತೆ?

ಹೋಟೆಲಲ್ಲಿ ಹೇಳುತ್ತಾರೆ. 'ಬೊಕು-ವ ಉನಗಿ ದ', ನಂದು ಹಾವುಮೀನು. ದರ್ಶಿನಿಯಲ್ಲಿ 'ನಾನು ಮಸಾಲೆದೋಸೆ, ಇವನು ಇಡ್ಲಿ' ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ವ' ಕರ್ತೃವಿನ ಗುರುತಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಮಾತಾಡುವಾಗ ಪ್ರತ್ಯಯ ಬಿಡಬಹುದಾ?

'ಒ' ಧಾರಾಳವಾಗಿ ಬಿಡುತ್ತಾರೆ, ಅದೂ ಕ್ರಿಯಾಪದದ ಪಕ್ಕದಲ್ಲೇ ಇದ್ದಾಗ. 'ಹೊನ್ ಯೊಂದ', ಪುಸ್ತಕ ಓದಿದೆ. 'ಪುಸ್ತಕವನ್ನು' ಅಂತ ನಾವೂ ಮಾತಲ್ಲಿ ಅನ್ನುವುದಿಲ್ಲವಲ್ಲ. 'ಗ' ಬಿಡುವುದು ಅಷ್ಟು ಸಲೀಸಲ್ಲ. ಕರ್ತೃ ದೂರದಲ್ಲಿದೆ, ಕರ್ಮ ಕ್ರಿಯಾಪದದ ಮಡಿಲಲ್ಲಿದೆ ಎಂಬುದಕ್ಕೆ ಇದನ್ನೂ ಸೈತೋ ಸಾಕ್ಷಿಯಾಗಿ ಬಳಸಿದರು.

'ಬೊಕು-ಗ ಮಿತ ಏಗ' ಅನ್ನುವ ಬದಲು 'ಬೊಕು-ನೊ ಮಿತ ಏಗ' ಅಂತ ನೋಡಿದೆ. ಅಚ್ಚಿನ ತಪ್ಪಾ?

ತಪ್ಪಲ್ಲ. ನಾಮಪದದ ಮುಂದೆ ಬರುವ ಉಪವಾಕ್ಯದಲ್ಲಿ 'ಗ' ಜಾಗಕ್ಕೆ 'ನೊ' ಬರಬಹುದು. 'ನನ್ನ ನೋಡಿದ ಸಿನಿಮಾ' ಅಂದ ಹಾಗೆ. ಕನ್ನಡದಲ್ಲಿ ಹಾಗಂದರೆ ಸಿನಿಮಾವೇ ನನ್ನನ್ನು ನೋಡಿತು ಅಂತಾಗುತ್ತದೆ! ಮುಖ್ಯ ವಾಕ್ಯದಲ್ಲಿ ಇದಕ್ಕೆ ಅವಕಾಶ ಇಲ್ಲ. ಕರ್ತೃವಿನ ಜೊತೆ 'ಒ' ಹೊತ್ತ ಕರ್ಮವೂ ಇದ್ದರೆ 'ನೊ' ಹಾಕುವುದು ಕಷ್ಟ. ಯಾರು ಯಾವುದನ್ನು ಒಪ್ಪುತ್ತಾರೆ ಅನ್ನುವುದು ಜನರಿಂದ ಜನರಿಗೆ ಬದಲಾಗುತ್ತದೆ ಅಂತ ಹರದ 1971ರಲ್ಲೇ ಬರೆದಿದ್ದರು.

ಇದಕ್ಕೆ ಇತಿಹಾಸದ ಹಿನ್ನೆಲೆಯೂ ಇದೆ. ಹಳೆಯ ಜಪಾನಿಯಲ್ಲಿ 'ಗ'ವೂ ಷಷ್ಠೀಯೇ ಆಗಿತ್ತು. ಉಪವಾಕ್ಯದ ಕರ್ತೃವಿಗೆ 'ಗ', 'ನೊ' ಎರಡೂ ಬರುತ್ತಿದ್ದವು. ನಿಧಾನಕ್ಕೆ 'ಗ' ಮುಖ್ಯ ವಾಕ್ಯಕ್ಕೂ ಹರಡಿ ಪ್ರಥಮಾ ಆಯಿತು. ಊರಿನ ಹೆಸರುಗಳಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ. 1600ರ ದೊಡ್ಡ ಕಾಳಗ ನಡೆದ ಸೆಕಿಗಹರ ಅಂದರೆ 'ಸೆಕಿಯ ಬಯಲು'. ಟೋಕಿಯೋದ ಜಿಯೂಗವೊಕ 'ಸ್ವಾತಂತ್ರ್ಯದ ಗುಡ್ಡ'. ಇನ್ನು ಕ್ಯುಶು ದ್ವೀಪದ ಕುಮಮೊತೊ ಕಡೆಯ ಆಡುನುಡಿಯಲ್ಲಿ ಮುಖ್ಯ ವಾಕ್ಯದ ಕರ್ತೃವಿಗೂ 'ನೊ' ಬರುತ್ತದೆ. ಪಠ್ಯಪುಸ್ತಕ ಓದಿಕೊಂಡು ಅಲ್ಲಿಗೆ ಹೋದವರು ಒಂದೆರಡು ದಿನ ಗೊಂದಲದಲ್ಲೇ ಇರಬೇಕಾಗುತ್ತದೆ.